ಹಿಮ್ಮೇಳದ ಮೂವರು

ಬಾಬ್ ಮಾರ್ಲಿಯ ಒಂದು ಹಾಡನ್ನೂ ಕೇಳದವರು ಅವನ ಮುಖವನ್ನು ಮಾತ್ರ ನೋಡಿಯೇ ಇರುತ್ತಾರೆ. ಜಡೆಗಟ್ಟಿದ ಕೂದಲು, ಅರೆಮುಚ್ಚಿದ ಕಣ್ಣು, ಹಿಂದೆ ಕೆಂಪು, ಹಳದಿ, ಹಸಿರು ಪಟ್ಟಿ. ಕಾಲೇಜು ಹುಡುಗರ ಟೀ ಶರ್ಟಿನ ಮೇಲೆ, ಆಟೋರಿಕ್ಷಾದ ಬೆನ್ನಿನ ಮೇಲೆ, ಗೋಕರ್ಣದ ಸಮುದ್ರದಂಡೆಯ ಅಂಗಡಿಗಳಲ್ಲಿ ಆ ಚಿತ್ರ ತೂಗುತ್ತಿರುತ್ತದೆ. ಮುಖ ಇಷ್ಟೊಂದು ಕಣ್ಣಿಗೆ ಬಿದ್ದದ್ದರಿಂದಲೋ ಏನೋ, ಅದರ ಆಚೀಚೆ ನಿಂತು ಹಾಡಿದವರು ಯಾರೆಂದು ಕೇಳುವವರು ಕಡಿಮೆ. ವೇಲರ್ಸ್ ಎಂಬುದು ಒಬ್ಬನ ಹೆಸರಲ್ಲ, ಒಂದು ಮೇಳದ ಹೆಸರು. ಆ ಮೇಳದ ಆಲ್ಬಮ್‌ಗಳಲ್ಲಿ ಯಾವುದು ಮೇಲು, ಯಾವುದು ಅದಕ್ಕಿಂತ ಕಡಿಮೆ ಎಂಬ ವಾದ ಕೇಳುಗರ ನಡುವೆ ಎಂದೂ ಮುಗಿಯುವುದಿಲ್ಲ. ನಾನೂ ಒಂದು ಪಟ್ಟಿ ಮಾಡಿದ್ದೇನೆ. ನನ್ನ ಅಳತೆಗೋಲು ಸ್ವಲ್ಪ ಬೇರೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸೋಬಾನೆ ಕೇಳಿದವರಿಗೆ ಗೊತ್ತು. ಒಬ್ಬಾಕೆ ಹೇಳಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಹಿಡಿಯುವವರು ಸೋತರೆ, ಹೇಳಿಕೊಡುವವಳು ಎಷ್ಟು ಚೆನ್ನಾಗಿ ಹಾಡಿದರೂ ಹಾಡು ಮೇಲೇಳುವುದಿಲ್ಲ. ಜಮೈಕಾದ ರೆಗ್ಗೆಯಲ್ಲೂ ಇದೇ ಮಾತು ನಿಜ. ಅದರ ತಾಳದಲ್ಲೊಂದು ಚೆಂದದ ಸಂಗತಿಯಿದೆ. ನಾಲ್ಕು ಎಣಿಕೆಯಲ್ಲಿ ಮೊದಲನೆಯದನ್ನು ಖಾಲಿ ಬಿಟ್ಟು ಮೂರನೆಯದರ ಮೇಲೆ ಡ್ರಮ್ಮಿನ ಪೆಟ್ಟು ಬೀಳುತ್ತದೆ. ವೇಲರ್ಸ್‌ನಲ್ಲಿ ಈ ಪೆಟ್ಟು ಕಾರ್ಲ್ಟನ್ ಬ್ಯಾರೆಟ್‌ನದು, ನೆಲ ಅದುರಿಸುವ ಬೇಸ್ ಗಿಟಾರು ಅವನ ಅಣ್ಣ ಆಸ್ಟನ್‌ನದು. ಹೀಗೆ ಬಿಟ್ಟ ಖಾಲಿ ಜಾಗದಲ್ಲಿ ಗಾಯಕನೊಬ್ಬ ಕರೆಯುತ್ತಾನೆ, ಹಿಮ್ಮೇಳ ಓಗೊಡುತ್ತದೆ. ಓಗೊಡುವವರು ಯಾರು, ಅವರು ಕರೆಗೆ ಏನನ್ನು ಕೂಡಿಸುತ್ತಾರೆ? ಆಲ್ಬಮ್‌ಗಳನ್ನು ನಾನು ತೂಗುವುದು ಈ ಪ್ರಶ್ನೆಯಿಂದ.

ಮೇಳ ಹುಟ್ಟಿದ್ದು 1963ರಲ್ಲಿ, ಕಿಂಗ್‌ಸ್ಟನ್ ನಗರದ ಟ್ರೆಂಚ್‌ಟೌನ್ ಎಂಬ ಬಡವರ ಕೇರಿಯಲ್ಲಿ. ಅದೇ ಕೇರಿಯ ಗಾಯಕ ಜೋ ಹಿಗ್ಸ್ ಹುಡುಗರನ್ನು ಕೂರಿಸಿಕೊಂಡು ದನಿಗೆ ದನಿ ಹೊಂದಿಸುವುದನ್ನು ಕಲಿಸಿದ. ಆ ಮೊದಲ ತಂಡದಲ್ಲಿ ಬೆವರ್ಲಿ ಕೆಲ್ಸೊ, ಚೆರಿ ಸ್ಮಿತ್ ಎಂಬ ಇಬ್ಬರು ಹುಡುಗಿಯರೂ ಇದ್ದರು ಎನ್ನುವುದು ಎಷ್ಟೋ ಅಭಿಮಾನಿಗಳಿಗೆ ತಿಳಿಯದು. ಕೆಲವೇ ವರ್ಷಗಳಲ್ಲಿ ಅವರು ಹೊರಟುಹೋಗಿ, ಬಾಬ್ ಮಾರ್ಲಿ, ಪೀಟರ್ ಟಾಶ್, ಬನ್ನಿ ವೇಲರ್ ಎಂಬ ಮೂವರು ಉಳಿದರು. ಜಮೈಕಾದಲ್ಲಿ ಹತ್ತು ವರ್ಷ ಹಾಡಿದ ಮೇಲೆ ಲಂಡನ್ನಿನ ಐಲೆಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಅವರನ್ನು ಹೊರ ಜಗತ್ತಿಗೆ ತಂದ. 1973ರಿಂದ 1983ರ ತನಕ ಐಲೆಂಡ್‌ನಿಂದ ಬಂದ ಒಂಬತ್ತು ಸ್ಟುಡಿಯೋ ಆಲ್ಬಮ್‌ಗಳನ್ನು ಮಾತ್ರ ಇಲ್ಲಿ ತೆಗೆದುಕೊಂಡಿದ್ದೇನೆ. ಕೆಳಗಿನಿಂದ ಮೇಲಕ್ಕೆ ಬರುತ್ತೇನೆ.

ಒಂಬತ್ತನೆಯ ಜಾಗ 'ಕನ್‌ಫ್ರಂಟೇಶನ್'ಗೆ (1983). ಮಾರ್ಲಿ 1981ರ ಮೇ 11ರಂದು, 36ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡ. ಉಳಿದುಹೋದ ಹಾಡುಗಳನ್ನು ಸೇರಿಸಿ ಇದನ್ನು ಮಾಡಿದರು. 'ಬಫಲೊ ಸೋಲ್ಜರ್' ಇರುವುದು ಇದರಲ್ಲೇ. ಕೆಲವು ಹಾಡುಗಳಿಗೆ ಹಿಮ್ಮೇಳದ ಹೆಂಗಸರು ಆತ ಹೋದ ಮೇಲೆ ದನಿ ಕೂಡಿಸಿದರು. ಕರೆದವನು ಇಲ್ಲ, ಓಗೊಡುವವರು ಇದ್ದಾರೆ. ಕೇಳುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಸಂಕಟವಾಯಿತೆಂದು ಆಲ್ಬಮ್ಮಿನ ಬೆಲೆ ಹೆಚ್ಚಿಸಲಾರೆ. ಇದು ಪ್ರೀತಿಯಿಂದ ಹೊಲಿದ ಕೌದಿ, ನೆಯ್ದ ಸೀರೆಯಲ್ಲ.

ಎಂಟನೆಯದು 'ಕಾಯಾ' (1978). ಕಾಯಾ ಎಂದರೆ ಅಲ್ಲಿಯ ಆಡುಮಾತಿನಲ್ಲಿ ಗಾಂಜಾ. ಅದಕ್ಕೆ ಗಾಂಜಾ ಎಂಬ ನಮ್ಮ ಹೆಸರೂ ಅಲ್ಲಿ ಬಳಕೆಯಲ್ಲಿದೆ. 1845ರಿಂದ ಕಬ್ಬಿನ ತೋಟಗಳಿಗೆ ಜೀತದ ಕರಾರಿನ ಮೇಲೆ ಹೋದ ಭಾರತದ ಕೂಲಿಯಾಳುಗಳು ಹೊತ್ತೊಯ್ದ ಮಾತು ಅದು. ಆಲ್ಬಮ್ಮಿನ ತುಂಬ ಬಿಸಿಲು, ಪ್ರೇಮ, ಆಲಸ್ಯ. ಮಾರ್ಲಿ ಮೆತ್ತಗಾದ ಎಂದು ಆಗ ವಿಮರ್ಶಕರು ಬೈದರು. ಮೆತ್ತಗಿರುವುದು ತಪ್ಪೆಂದು ನನಗೆ ತೋರುವುದಿಲ್ಲ. ಆದರೆ ಇಲ್ಲಿ ಹಿಮ್ಮೇಳಕ್ಕೆ ಹೇಳಲು ಏನೂ ಇಲ್ಲ, ಹೂಂಗುಟ್ಟುವುದಷ್ಟೇ ಕೆಲಸ. ಶೀರ್ಷಿಕೆಯ ಹಾಡೂ ಸೇರಿ ಕೆಲವು ಹಳೆಯ ಹಾಡುಗಳನ್ನೇ ಮತ್ತೆ ಹಾಡಿದ್ದಾರೆ.

ಏಳನೆಯದು 'ರಾಸ್ತಾಮನ್ ವೈಬ್ರೇಶನ್' (1976). ಮಾರ್ಲಿ ಬದುಕಿದ್ದಾಗ ಅಮೆರಿಕದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದದ್ದು ಇದೊಂದೇ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ 1963ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣವನ್ನೇ ರಾಗಕ್ಕೆ ಕೂರಿಸಿದ 'ವಾರ್' ಇದರಲ್ಲಿದೆ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ 'ಜಾನಿ ವಾಸ್'. ಬೀದಿಯಲ್ಲಿ ಎಲ್ಲಿಂದಲೋ ಬಂದ ಗುಂಡಿಗೆ ಮಗ ಸತ್ತಿದ್ದಾನೆ, ತಾಯಿ ತಲೆ ಹಿಡಿದುಕೊಂಡು ಅಳುತ್ತಿದ್ದಾಳೆ. ಘೋಷಣೆಯಿಲ್ಲ, ತೀರ್ಪಿಲ್ಲ. ಇಂಥ ಹಾಡು ಇನ್ನೆರಡು ಇದ್ದಿದ್ದರೆ ಈ ಆಲ್ಬಮ್ ಎಷ್ಟೋ ಮೇಲೆ ಹೋಗುತ್ತಿತ್ತು.

ಆರನೆಯದು 'ಕ್ಯಾಚ್ ಎ ಫೈರ್' (1973). ಮೊದಲ ಮುದ್ರಣದ ಹೊದಿಕೆ ಸಿಗರೇಟು ಲೈಟರಿನ ಆಕಾರದಲ್ಲಿತ್ತು, ಮುಚ್ಚಳ ತೆಗೆದಂತೆ ತೆರೆಯುತ್ತಿತ್ತು. ಕಿಂಗ್‌ಸ್ಟನ್ನಿನಲ್ಲಿ ಮುದ್ರಿಸಿದ ಹಾಡುಗಳಿಗೆ ಬ್ಲ್ಯಾಕ್‌ವೆಲ್ ಲಂಡನ್ನಿನಲ್ಲಿ ಅಮೆರಿಕದ ವೇನ್ ಪರ್ಕಿನ್ಸ್‌ನಿಂದ ಗಿಟಾರು, ಜಾನ್ ಬಂಡ್ರಿಕ್‌ನಿಂದ ಕೀಬೋರ್ಡು ಸೇರಿಸಿದ. ರಾಕ್ ಸಂಗೀತದ ಕಿವಿಗಳಿಗೆ ರುಚಿಸಲಿ ಎಂದು. ಜಮೈಕಾದ ಮೂಲರೂಪ 2001ರಲ್ಲಿ ಹೊರಬಂತು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಗೊತ್ತಾಗುತ್ತದೆ, ಸಾರು ಮೊದಲೇ ಕುದಿದು ಹದವಾಗಿತ್ತು; ಒಗ್ಗರಣೆ ಮಾತ್ರ ಬೇರೆ ಮನೆಯದು. 'ಕಾಂಕ್ರೀಟ್ ಜಂಗಲ್' ಹಾಡಿಗೆ ಆ ಒಗ್ಗರಣೆ ಒಪ್ಪಿದೆ, ಎಲ್ಲಕ್ಕೂ ಒಪ್ಪಿಲ್ಲ.

ಐದನೆಯದು 'ಅಪ್‌ರೈಸಿಂಗ್' (1980). ನನ್ನ ಅಳತೆಗೋಲಿಗೆ ಕಷ್ಟ ಕೊಡುವ ಆಲ್ಬಮ್ ಇದು. ಇದರ ಅತ್ಯುತ್ತಮ ಹಾಡು 'ರಿಡೆಂಪ್ಶನ್ ಸಾಂಗ್'ನಲ್ಲಿ ಹಿಮ್ಮೇಳವೇ ಇಲ್ಲ. ಒಂದು ಗಿಟಾರು, ಒಂದು ದನಿ. ಡ್ರಮ್ಮಿಲ್ಲ, ಬೇಸಿಲ್ಲ, ಓಗೊಡುವವರಿಲ್ಲ. ಆತನಿಗೆ ತನ್ನ ಕಾಯಿಲೆ ತಿಳಿದಿತ್ತು. ಆದರೆ ಒಂದು ಮಾತು ಗಮನಿಸಿ. ತಟ್ಟೆಯುದ್ದಕ್ಕೂ ಹಿಮ್ಮೇಳ ಕೇಳುತ್ತ ಬಂದು ಕಡೆಯ ಹಾಡಿನಲ್ಲಿ ಅದು ಇಲ್ಲವಾದಾಗಲೇ ಆ ಒಂಟಿತನ ನಮ್ಮನ್ನು ಅಲ್ಲಾಡಿಸುವುದು. ಇಲ್ಲದ ದನಿಯೂ ಅಲ್ಲಿ ಕೆಲಸ ಮಾಡುತ್ತಿದೆ.

ನಾಲ್ಕನೆಯದು 'ಎಕ್ಸೋಡಸ್' (1977). ಇಲ್ಲಿ ಜಗಳವಾಗುತ್ತದೆಂದು ಗೊತ್ತು. ಅಮೆರಿಕದ 'ಟೈಮ್' ಪತ್ರಿಕೆ 1999ರಲ್ಲಿ ಇದನ್ನು ಶತಮಾನದ ಆಲ್ಬಮ್ ಎಂದು ಕರೆಯಿತು. ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1976ರ ಡಿಸೆಂಬರ್ 3ರ ರಾತ್ರಿ ಕಿಂಗ್‌ಸ್ಟನ್ನಿನ ಹೋಪ್ ರಸ್ತೆಯ ಮನೆಗೆ ಬಂದೂಕುಧಾರಿಗಳು ನುಗ್ಗಿದರು. ಮಾರ್ಲಿಗೆ ಗಾಯವಾಯಿತು; ಹೆಂಡತಿ ರೀಟಾಳ ತಲೆಗೆ ಗುಂಡು ತಗುಲಿತು. ಎರಡು ದಿನ ಕಳೆದು ನಡೆದ ದೊಡ್ಡ ಕಚೇರಿಯಲ್ಲಿ, ಗಾಯ ಮಾಯುವ ಮೊದಲೇ, ಇಬ್ಬರೂ ವೇದಿಕೆ ಹತ್ತಿದರು. ಆಮೇಲೆ ಲಂಡನ್ನಿಗೆ ಹೋಗಿ ಮಾಡಿದ ಆಲ್ಬಮ್ ಇದು. ಮೊದಲ ಬದಿಯಲ್ಲಿ ಸಿಟ್ಟು, ನಂಬಿಕೆ, ವಲಸೆ. ಎರಡನೆಯ ಬದಿಯಲ್ಲಿ ಪ್ರೇಮ, ಸಮಾಧಾನ. 'ಥ್ರೀ ಲಿಟಲ್ ಬರ್ಡ್ಸ್' ಈಗ ಮಕ್ಕಳೂ ಹಾಡುತ್ತಾರೆ.

ಎರಡನೆಯ ಬದಿಯ ಪ್ರೇಮಗೀತೆಗಳು 1976ರಲ್ಲಿ ವಿಶ್ವಸುಂದರಿಯಾದ ಸಿಂಡಿ ಬ್ರೇಕ್‌ಸ್ಪಿಯರ್‌ಳನ್ನು ನೆನೆದು ಬರೆದವೆಂದು ಜನ ಹೇಳುತ್ತ ಬಂದಿದ್ದಾರೆ. ಮಾರ್ಲಿಗೆ ಆಕೆಯಿಂದ 1978ರಲ್ಲಿ ಮಗನೂ ಹುಟ್ಟಿದ. ಆಲ್ಬಮ್ಮಿನ ಹಿಮ್ಮೇಳದಲ್ಲಿ ರೀಟಾ ಇದ್ದಾಳೆ. ಗಂಡ ಇನ್ನೊಬ್ಬಾಕೆಗಾಗಿ ಕಾಯುವ ಹಾಡಿನ ಪಕ್ಕದಲ್ಲಿ ಹೆಂಡತಿಯ ದನಿ ಎಂದು ಯೋಚಿಸಿದರೆ ನಾವು ಹೆಂಗಸರು ಈ ಹಾಡುಗಳನ್ನು ಹೇಗೆ ಕೇಳಬೇಕು? ಕಲೆಗೂ ಮನೆಗೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಹಾಡು ಕೇಳುವುದನ್ನೇ ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. ನನಗೆ ಎರಡೂ ಸುಲಭದ ದಾರಿ ಎನಿಸುತ್ತದೆ. ಮಾರ್ಲಿ ಮಾಡಿದ್ದು ರೀಟಾಗೆ ನೋವು ಕೊಟ್ಟಿತು. ಅದನ್ನು ಆಕೆಯೇ 2004ರ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. 'ಎಕ್ಸೋಡಸ್' ನಾಲ್ಕಕ್ಕೆ ಇಳಿದದ್ದು ಅದರ ಶಿಕ್ಷೆಯಾಗಿ ಅಲ್ಲ. ಎರಡನೆಯ ಬದಿಯಲ್ಲಿ ಹಿಮ್ಮೇಳ ನುಣುಪಾದ ಅಲಂಕಾರವಾಗಿಬಿಟ್ಟಿದೆ, ಕರೆಗೆ ಎದುರಾಡುವುದಿಲ್ಲ. ಶತಮಾನದ ಆಲ್ಬಮ್ ಎನ್ನಲು ಅರ್ಧ ಆಲ್ಬಮ್ ಸಾಲದು.

ಮೂರನೆಯದು 'ಸರ್ವೈವಲ್' (1979). ಹೊದಿಕೆಯ ಮೇಲೆ ಆಫ್ರಿಕಾದ ದೇಶಗಳ ಬಾವುಟಗಳು, ಹೆಸರಿನ ಹಿಂದೆ ಗುಲಾಮರನ್ನು ಒತ್ತೊತ್ತಾಗಿ ಮಲಗಿಸಿ ಸಾಗಿಸಿದ ಹಡಗಿನ ನಕ್ಷೆ. ಪ್ರೇಮಗೀತೆ ಹುಡುಕಿದರೂ ಸಿಗುವುದಿಲ್ಲ. 'ಜಿಂಬಾಬ್ವೆ' ಎಂಬ ಹಾಡು ಬಂದಾಗ ಆ ಹೆಸರಿನ ಸ್ವತಂತ್ರ ದೇಶವಿನ್ನೂ ಹುಟ್ಟಿರಲಿಲ್ಲ. 1980ರ ಏಪ್ರಿಲ್‌ನಲ್ಲಿ ಸ್ವಾತಂತ್ರ್ಯದ ಸಮಾರಂಭದಲ್ಲಿ ಮಾರ್ಲಿ ಅಲ್ಲಿಗೇ ಹೋಗಿ ಹಾಡಿದ. ಇಲ್ಲಿ ಹಿಮ್ಮೇಳ ಮೂವರ ದನಿಯಾಗಿ ಕೇಳುವುದಿಲ್ಲ, ದೊಡ್ಡದೊಂದು ಜನಸಮೂಹದಂತೆ ಕೇಳುತ್ತದೆ. ಪ್ರೇಮದಲ್ಲಿ ಅಲಂಕಾರವಾದ ದನಿಗಳು ಹೋರಾಟದಲ್ಲಿ ಮತ್ತೆ ಸಮಭಾಗಿಗಳಾಗಿವೆ.

ಎರಡನೆಯದು 'ಬರ್ನಿನ್' (1973). ಮೂವರು ಗೆಳೆಯರು ಜೊತೆಯಾಗಿ ಮಾಡಿದ ಕೊನೆಯದು. ಮೇಲೆ ಬನ್ನಿಯ ಎಳೆಯ, ತೆಳು ದನಿ, ಕೆಳಗೆ ಟಾಶ್‌ನ ಗಡಸು ದನಿ, ನಡುವೆ ಮಾರ್ಲಿ. 'ಗೆಟ್ ಅಪ್ ಸ್ಟ್ಯಾಂಡ್ ಅಪ್' ಹಾಡನ್ನು ಮಾರ್ಲಿ, ಟಾಶ್ ಕೂಡಿ ಬರೆದರು. ಇಲ್ಲಿ ಓಗೊಡುವವರು ಹಿಂದೆ ನಿಂತವರಲ್ಲ. ತಮ್ಮ ಸರದಿ ಬಂದಾಗ ಮುಂದೆ ಬಂದು ಹಾಡುವವರು. ಇದರ 'ಐ ಶಾಟ್ ದಿ ಶೆರಿಫ್' ಹಾಡನ್ನು ಎರಿಕ್ ಕ್ಲಾಪ್ಟನ್ 1974ರಲ್ಲಿ ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿದ. ಮೂಲದಲ್ಲಿರುವ ಅಂಜಿಕೆ ಆ ಹಾಡುಗಾರಿಕೆಯಲ್ಲಿ ಇಲ್ಲ. ಗೆಳೆತನದ ಸಂಗೀತ ಎಂದರೆ ಏನೆಂದು ಕೇಳಿದರೆ ನಾನು 'ಬರ್ನಿನ್' ತೋರಿಸುತ್ತೇನೆ.

ಮೊದಲನೆಯದು 'ನ್ಯಾಟಿ ಡ್ರೆಡ್' (1974). ಟಾಶ್, ಬನ್ನಿ ಇಬ್ಬರೂ ಬಿಟ್ಟುಹೋಗಿದ್ದರು. ಮೇಳದ ಹೆಸರು 'ಬಾಬ್ ಮಾರ್ಲಿ ಅಂಡ್ ದಿ ವೇಲರ್ಸ್' ಎಂದಾಯಿತು, ಹೊದಿಕೆಯ ಮೇಲೆ ಅವನೊಬ್ಬನದೇ ಮುಖ. ಒಬ್ಬನ ಹೆಸರು ಮುಂದೆ ಬಂದ ಆ ಗಳಿಗೆಯಲ್ಲೇ ಖಾಲಿಯಾದ ಜಾಗಕ್ಕೆ ಮೂವರು ಹೆಂಗಸರು ಬಂದರು. ರೀಟಾ ಮಾರ್ಲಿ, ಮಾರ್ಸಿಯಾ ಗ್ರಿಫಿತ್ಸ್, ಜೂಡಿ ಮೊವಾಟ್. ಐ-ತ್ರೀಸ್ ಎಂದು ಇವರ ಹೆಸರು. ಯಾರೂ ಹೊಸಬರಲ್ಲ. ಮಾರ್ಸಿಯಾ 1970ರಲ್ಲೇ ಬಾಬ್ ಆಂಡಿಯ ಜೊತೆ ಹಾಡಿ ಇಂಗ್ಲೆಂಡಿನಲ್ಲಿ ಹೆಸರಾಗಿದ್ದಳು. ಜೂಡಿ ಗೇಲೆಟ್ಸ್ ಎಂಬ ಮೇಳದವಳು, ಮುಂದೆ 'ಬ್ಲ್ಯಾಕ್ ವುಮನ್' ಎಂಬ ಸ್ವಂತ ಆಲ್ಬಮ್ ಮಾಡಿದವಳು. ರೀಟಾ ಮದುವೆಗೆ ಮೊದಲೇ ಸೋಲೆಟ್ಸ್ ಮೇಳದಲ್ಲಿ ಹಾಡುತ್ತಿದ್ದವಳು. ಗಂಡಿಗೇ ಮೊದಲ ಮಣೆ ಹಾಕುವ ರಾಸ್ತಾ ಪಂಥದ ನಡುವೆ ತಲೆಗೆ ಬಟ್ಟೆ ಸುತ್ತಿಕೊಂಡು ನಿಂತು ಇವರು ಹಾಡಿದರು.

ಈ ಆಲ್ಬಮ್ಮಿನಲ್ಲಿದೆ 'ನೋ ವುಮನ್, ನೋ ಕ್ರೈ'. ಹೆಣ್ಣಿಲ್ಲದಿದ್ದರೆ ಅಳುವೂ ಇಲ್ಲ ಎಂದು ಅದರ ಅರ್ಥ ಹೇಳಿ ನಗುವ ಗಂಡಸರನ್ನು ನೀವೂ ಕಂಡಿರಬಹುದು. ಜಮೈಕಾದ ಮಾತಿನಲ್ಲಿ ಅದರ ಅರ್ಥ ತದ್ವಿರುದ್ಧ: ಬೇಡ, ಹೆಣ್ಣೇ, ಅಳಬೇಡ. ಬರೆದವರ ಹೆಸರು ವಿನ್ಸೆಂಟ್ ಫೋರ್ಡ್ ಎಂದಿದೆ. ಟ್ರೆಂಚ್‌ಟೌನಿನಲ್ಲಿ ಹಸಿದವರಿಗೆ ಊಟ ಹಾಕುವ ಅಡುಗೆಮನೆ ನಡೆಸುತ್ತಿದ್ದವನು. ವಠಾರದ ಅಂಗಳ, ರಾತ್ರಿಯ ಬೆಂಕಿ, ಹಂಚಿಕೊಂಡ ಮೆಕ್ಕೆಜೋಳದ ಅಂಬಲಿ, ಕಳೆದುಕೊಂಡ ಗೆಳೆಯರು. ಇಷ್ಟೇ ಹಾಡು. 1975ರಲ್ಲಿ ಲಂಡನ್ನಿನ ಲೈಸಿಯಂ ಸಭಾಂಗಣದಲ್ಲಿ ಹಾಡಿದ ರೂಪ ಹೆಚ್ಚು ಪ್ರಸಿದ್ಧ. ಅದು ಜಾತ್ರೆಯಂತಿದೆ. ಸ್ಟುಡಿಯೋದ ರೂಪ ಚಿಕ್ಕದು, ಡ್ರಮ್ಮಿನ ಬದಲು ಯಂತ್ರದ ತಾಳ, ಬಡವಾಗಿ ಕೇಳುತ್ತದೆ. ನನಗೆ ಅದೇ ಇಷ್ಟ. ಅಳಬೇಡ ಎಂದು ಗಂಡಸೊಬ್ಬ ಹೆಣ್ಣಿಗೆ ಹೇಳುವ ಮಾತನ್ನು ಮೂವರು ಹೆಂಗಸರೇ ಎತ್ತಿಕೊಂಡಾಗ ಆ ಮಾತು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಧೈರ್ಯವಾಗುತ್ತದೆ. ಕರೆಯ ಅರ್ಥವನ್ನೇ ಓಗೊಡುವವರು ಬದಲಿಸುವುದು ಎಂದರೆ ಇದು. ರೀಟಾ ತನ್ನ ಆತ್ಮಕಥೆಗೆ ಇದೇ ಹಾಡಿನ ಹೆಸರಿಟ್ಟಳು. ನೋವು ಕೊಟ್ಟವನ ಹಾಡನ್ನು ಆಕೆ ತನ್ನದಾಗಿ ಮಾಡಿಕೊಂಡಳು ಎಂದೇ ನಾನು ಅದನ್ನು ಓದುತ್ತೇನೆ.

ಈ ಆಲ್ಬಮ್ಮಿನಲ್ಲಿ ಕೊರತೆ ಇಲ್ಲವೆಂದಲ್ಲ. ಎರಡನೆಯ ಬದಿ ನಡುವೆ ಸ್ವಲ್ಪ ಜಗ್ಗುತ್ತದೆ. 'ಬೆಂಡ್ ಡೌನ್ ಲೋ' ಹಳೆಯ ಹಾಡು, ಹೊಸದಾಗಿ ಏನನ್ನೂ ಕೊಡುವುದಿಲ್ಲ. ಆದರೆ ಹಸಿವಿನ ಬಗ್ಗೆ ಹಾಡುವ 'ದೆಮ್ ಬೆಲ್ಲಿ ಫುಲ್', ನಡುರಾತ್ರಿಯ ಪೊಲೀಸ್ ತಡೆಯ ಬಗೆಗಿನ 'ರೆಬೆಲ್ ಮ್ಯೂಸಿಕ್' ಕೇಳಿ. ಬೀದಿಯಲ್ಲಿ ನಡೆದದ್ದನ್ನು ಗಂಡು ದನಿ ಹೇಳುತ್ತದೆ. ಅದು ಮನೆಯೊಳಗೆ ಏನು ಮಾಡಿತು ಎನ್ನುವುದನ್ನು ಹೆಣ್ಣು ದನಿಗಳು ಹೇಳುತ್ತವೆ. ಬೀದಿ, ಮನೆ ಎರಡೂ ಒಂದೇ ಹಾಡಿನಲ್ಲಿ ಸಿಗುವ ಆಲ್ಬಮ್ ಈ ಒಂಬತ್ತರಲ್ಲಿ ಬೇರೆ ಇಲ್ಲ.

ನನ್ನ ಪಟ್ಟಿಯನ್ನು ನೀವು ತಲೆಕೆಳಗು ಮಾಡಬಹುದು. 'ಎಕ್ಸೋಡಸ್' ಮೇಲಕ್ಕೇರಿಸಿದರೆ ನನಗೆ ಬೇಸರವಿಲ್ಲ. ಇವುಗಳಲ್ಲಿ ಒಂದನ್ನೂ ಕೇಳದವರು 'ನ್ಯಾಟಿ ಡ್ರೆಡ್'ನಿಂದ ಶುರುಮಾಡಿ, ಆಮೇಲೆ 'ಬರ್ನಿನ್'ಗೆ ಹೋಗಿ. ಕೇಳುವಾಗ ಒಂದು ಸಲ ಮುಂದಿನ ದನಿಯನ್ನು ಬಿಟ್ಟು ಹಿಂದಿನ ಮೂರನ್ನಷ್ಟೇ ಹಿಂಬಾಲಿಸಿ. ಹೆಸರುಗಳು ನೆನಪಿರಲಿ: ರೀಟಾ, ಮಾರ್ಸಿಯಾ, ಜೂಡಿ.