'ಮುಖಪುಟ ಆಕರ್ಷಕವಾಗಿದೆ'

ಕನ್ನಡದ ಪುಸ್ತಕ ವಿಮರ್ಶೆಯ ಕೊನೆಯ ಸಾಲನ್ನು ಓದುಗರು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. 'ಮುಖಪುಟ ಆಕರ್ಷಕವಾಗಿದೆ, ಮುದ್ರಣ ಅಚ್ಚುಕಟ್ಟಾಗಿದೆ.' ಹತ್ತಾರು ಪುಸ್ತಕಗಳ ಬಗ್ಗೆ ನಾವೂ ಹೀಗೆ ಬರೆದು ಕೈ ತೊಳೆದುಕೊಂಡಿದ್ದೇವೆ. ಒಮ್ಮೆಯಂತೂ ಮುಖಪುಟ ಇನ್ನೂ ಸಿದ್ಧವಾಗದ, ದಾರ ಕಟ್ಟಿದ ಪ್ರೂಫ್ ಹಾಳೆಗಳನ್ನು ಓದಿಯೇ ಆ ಸಾಲನ್ನು ಬರೆದುಬಿಟ್ಟಿದ್ದೆವು. ಯಾರೂ ಆಕ್ಷೇಪಿಸಲಿಲ್ಲ. ಲೇಖಕರು ಫೋನ್ ಮಾಡಿ ಕೃತಜ್ಞತೆ ಹೇಳಿದರು.

ಹೀಗೆ ಒಂದು ಸಾಲಿನಲ್ಲಿ ಮುಗಿಸಿಬಿಡುವ ವಿಷಯ ಇದಲ್ಲವೆಂದು ನಮಗೆ ಕಲಿಸಿದ್ದು ಶ್ರೀರಂಗಪಟ್ಟಣ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರ ಕೈಗೆ ಸಿಕ್ಕಿದ ಸಂಪತ್ತಿನಲ್ಲಿ ಟಿಪ್ಪು ಸುಲ್ತಾನರ ಗ್ರಂಥಭಂಡಾರವೂ ಒಂದು. ಸುಮಾರು ಎರಡು ಸಾವಿರ ಸಂಪುಟಗಳು. ಅವು ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋದವು. ಚಾರ್ಲ್ಸ್ ಸ್ಟೂವರ್ಟ್ ಎಂಬ ವಿದ್ವಾಂಸ 1809ರಲ್ಲಿ ಅವುಗಳ ವಿವರಣಾತ್ಮಕ ಸೂಚಿಯನ್ನು ಅಚ್ಚು ಹಾಕಿಸಿದ. ಅದರಲ್ಲಿ ಅವನು ಪುಸ್ತಕಗಳ ಒಳಗನ್ನಷ್ಟೇ ಅಲ್ಲ, ಹೊರಗನ್ನೂ ನೋಡಿದ್ದಾನೆ. ಅವನ ಪ್ರಕಾರ, ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಜಿಲ್ದು ಕಟ್ಟಿಸಿದ ಪುಸ್ತಕಗಳಿಗೆಲ್ಲ ಒಂದೇ ವಿನ್ಯಾಸ. ರಟ್ಟಿನ ನಡುವೆ ಒಂದು ಪದಕ, ಅದರಲ್ಲಿ ಅಲ್ಲಾಹನ ನಾಮ, ಪ್ರವಾದಿ ಮುಹಮ್ಮದ್(ಸ), ಹ. ಫಾತಿಮಾ, ಹ. ಹಸನ್, ಹ. ಹುಸೈನ್‌ರ ಹೆಸರುಗಳು. ನಾಲ್ಕು ಮೂಲೆಗಳಲ್ಲಿ ಮೊದಲ ನಾಲ್ವರು ಖಲೀಫರ ಹೆಸರುಗಳು. ಮೇಲೆ 'ಸರ್ಕಾರೆ ಖುದಾದಾದ್', ಕೆಳಗೆ 'ಅಲ್ಲಾಹು ಕಾಫಿ'. ಹೀಗೆ ಮುದ್ರೆಯೊತ್ತಿದ ಕೆಲವು ಸಂಪುಟಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಇದನ್ನು ವಿನ್ಯಾಸವೆಂದು ಒಪ್ಪಲೇಬೇಕು. ಅಂಚು ಎಷ್ಟು, ನಡು ಎಲ್ಲಿ, ಮೂಲೆಗೆ ಏನು ಎಂದು ಅಳೆದು ಮಾಡಿದ ಕೆಲಸ ಅದು. ಆದರೆ ಸ್ಟೂವರ್ಟನೇ ಇನ್ನೊಂದು ಮಾತು ಹೇಳುತ್ತಾನೆ. ಈ ಪುಸ್ತಕಗಳಲ್ಲಿ ಕೊಂಡು ತಂದವು ಕಡಿಮೆ, ಬಹುಪಾಲು ಸವಣೂರು, ಕಡಪ, ಕರ್ನಾಟಿಕ್ ಪ್ರಾಂತಗಳಿಂದ ಯುದ್ಧದಲ್ಲಿ ಬಂದವು. ಎಲ್ಲೆಲ್ಲಿಂದಲೋ ಬಂದ ತಫ್ಸೀರು, ನಿಘಂಟು, ವೈದ್ಯ, ದಖನಿ ಕಾವ್ಯ ಯಾವುದಾದರೂ ಸರಿ, ಮೇಲೆ ಒಂದೇ ಮುದ್ರೆ. ಹೊದಿಕೆ ಹೇಳುತ್ತಿದ್ದುದು ಒಳಗೇನಿದೆ ಎಂದಲ್ಲ, ಇದು ಯಾರದು ಎಂದು. ಅರಮನೆಯ ಭಂಡಾರಕ್ಕೆ ಅದು ನ್ಯಾಯವೇ. ಆ ಭಂಡಾರ ಮುಗಿದು ಇನ್ನೂರು ವರ್ಷವಾದ ಮೇಲೂ ನಮ್ಮ ಪುಸ್ತಕಗಳಿಗೆ ಅದೇ ಪದ್ಧತಿ ಮುಂದುವರಿದಿದೆಯಲ್ಲ, ನಮ್ಮ ತಕರಾರು ಅಲ್ಲಿಂದ ಶುರು.

ನಮ್ಮದೇ ಉದಾಹರಣೆ ಕೊಡುತ್ತೇವೆ. ನಮ್ಮ ಮೊದಲ ಕಥಾಸಂಕಲನದಲ್ಲಿ ಹನ್ನೊಂದು ಕತೆಗಳಿದ್ದವು. ಪಾಂಡವಪುರದ ಕಡೆಯ ಆಲೆಮನೆ, ನಾಲೆ ಏರಿಯ ಮೇಲಿನ ಜಗಳ, ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಹೆಂಗಸು, ನಾಗಮಂಗಲದಲ್ಲಿ ಮಳೆಗೆ ಕಾಯುವ ಒಂದು ಸಂಸಾರ. ಮಸೀದಿ ಬರುವುದು ಒಂದೇ ಕತೆಯಲ್ಲಿ, ಅದೂ ಅಲ್ಲಿನ ನಲ್ಲಿ ಕೆಟ್ಟಿದೆ ಎಂಬ ಕಾರಣಕ್ಕೆ. ಮುಖಪುಟದ ಮೊದಲ ಪ್ರತಿ ಬಂದಾಗ ನೋಡಿದರೆ ಹಸಿರು ಹಿನ್ನೆಲೆ, ಎಡ ಅಂಚಿಗೆ ಒಂದು ಮಿನಾರು, ಮೇಲೆ ಬಾಲಚಂದ್ರ, ಕೆಳಗೆ ಬುರ್ಖಾ ತೊಟ್ಟ ಒಂದು ನೆರಳು. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗನನ್ನು ಇದೇನಪ್ಪ ಎಂದು ಕೇಳಿದೆವು. "ಸಾಬ್ರ ಕತೆ ಅಂತ ಗೊತ್ತಾಗ್ಬ್ಯಾಡ್ವಾ ಸಾರ್? ನೋಡ್ದೋರು ಕೈಗೆತ್ಕೋಬೇಕಲ್ಲ" ಎಂದ. ಅವನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಕಂಪ್ಯೂಟರಿನಲ್ಲಿ ಅಂಥ ಚಿತ್ರಗಳ ಒಂದು ಫೋಲ್ಡರೇ ಇತ್ತು.

ಬೇರೆಯವರನ್ನು ದೂರುವ ಮೊದಲು ನಮ್ಮವರನ್ನೂ ಹೇಳಬೇಕು. ಮುಸ್ಲಿಮರೇ ನಡೆಸುವ ಪ್ರಕಾಶನಗಳ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿ, ಹಸಿರೇ ಹಸಿರು, ಗುಮ್ಮಟದ ಮೇಲೆ ಗುಮ್ಮಟ. ಸಕ್ಕರೆ ಕಾಯಿಲೆಯ ಕುರಿತ ಪುಸ್ತಕದ ಮೇಲೂ ಒಂದು ಕಮಾನು. ಅಕ್ಕಿಹೆಬ್ಬಾಳಿನ ಎ.ಎನ್.ಮೂರ್ತಿರಾಯರು 'ದೇವರು' ಬರೆದರು. ಆ ಹೆಸರನ್ನಷ್ಟೇ ಕೇಳಿದ ಚಿತ್ರಕಾರ ಏನು ಬರೆಯಬಹುದು ಎಂದು ನೆನೆದರೆ ನಗು ಬರುತ್ತದೆ. ದೇವರಿದ್ದಾನೆಯೇ ಎಂದು ಕೇಳುವ ಪುಸ್ತಕಕ್ಕೆ ಗರ್ಭಗುಡಿಯ ಚಿತ್ರ ಬಂದರೆ ಅದು ವಿನ್ಯಾಸವಲ್ಲ, ಹೆಸರಿನ ಅನುವಾದ.

ನಮ್ಮ ಸಂಕಲನದ ಕತೆ ಅಲ್ಲಿಗೆ ಮುಗಿಯಲಿಲ್ಲ. ಹೊದಿಕೆ ಎನ್ನುವುದು ಮೂರು ತುಂಡಲ್ಲ, ಒಂದೇ ಹಾಳೆ. ಕನ್ನಡ ಪುಸ್ತಕಕ್ಕಾದರೆ ಹರಡಿದಾಗ ಎಡಕ್ಕೆ ಹಿಂಪುಟ, ನಡುವೆ ಬೆನ್ನು, ಬಲಕ್ಕೆ ಮುಖಪುಟ. ಉರ್ದುವಿಗೆ ಇದು ತಿರುಗುಮುರುಗು. ಡೆಮ್ಮಿ 1/8 ಆಕಾರದಲ್ಲಿ ಪುಟದ ಅಗಲ ಸುಮಾರು 140 ಮಿ.ಮೀ. ಬೆನ್ನಿನ ದಪ್ಪ ಪುಟಗಳ ಸಂಖ್ಯೆಯನ್ನೂ ಕಾಗದವನ್ನೂ ಅವಲಂಬಿಸಿದ್ದು. 144 ಪುಟವೆಂದರೆ 72 ಹಾಳೆ. 70 ಜಿಎಸ್ಎಂ ಮ್ಯಾಪ್‌ಲಿತೊ ಹಾಳೆ ಸುಮಾರು 0.09 ಮಿ.ಮೀ. ದಪ್ಪವಿರುತ್ತದೆ, ಆದ್ದರಿಂದ ಬೆನ್ನು ಆರೂವರೆ ಮಿ.ಮೀ. ಇದರ ಮೇಲೆ ಸುತ್ತಲೂ ಮೂರು ಮಿ.ಮೀ. ಬಣ್ಣವನ್ನು ಹೆಚ್ಚಿಗೆ ಚಾಚಬೇಕು. ಅದೇ ಬ್ಲೀಡ್. ಕಟಿಂಗ್ ಮಿಷನ್ನಿನ ಅಲಗು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಬಿಳಿ ಗೀರು ಕಾಣದಿರಲೆಂದು ಕತ್ತರಿಗೆ ಕೊಡುವ ಬಲಿ ಅದು. ಹೆಸರು, ಮುಖ, ಮುಖ್ಯವಾದದ್ದೆಲ್ಲ ಕತ್ತರಿಸುವ ಗೆರೆಯಿಂದ ಐದಾರು ಮಿ.ಮೀ. ಒಳಗಿರಬೇಕು.

ನಮ್ಮ ಹೊದಿಕೆ ಈ ಲೆಕ್ಕದಲ್ಲೇ ತಯಾರಾಗಿತ್ತು. ಒಳಪುಟ ಅಚ್ಚಿಗೆ ಹೋಗುವಾಗ ಪುಸ್ತಕ ತೆಳ್ಳಗಾಗುತ್ತದೆಂದು ಯಾರಿಗೋ ಅನಿಸಿ ಹಗುರವಾದ, ದಪ್ಪನೆಯ ಬಲ್ಕಿ ಕಾಗದ ಹಾಕಿದರು. ಬೆನ್ನು ಒಂಬತ್ತು ಮಿ.ಮೀ. ದಾಟಿತು. ಹೊದಿಕೆಗೆ ಇದನ್ನು ಯಾರೂ ತಿಳಿಸಲಿಲ್ಲ. ಬ್ಲೀಡಿಗೆಂದು ಎರಡು ಪಕ್ಕಗಳಲ್ಲಿ ಬಿಟ್ಟಿದ್ದ ಆರು ಮಿ.ಮೀ.ನಲ್ಲಿ ಅರ್ಧವನ್ನು ಬೆನ್ನೇ ನುಂಗಿತು, ಕೆಲವು ಪ್ರತಿಗಳ ಅಂಚಿನಲ್ಲಿ ಬಿಳಿ ಪಟ್ಟಿ ಎದ್ದಿತು. ಮಿನಾರಿನ ಪಕ್ಕೆ ಬೆನ್ನಿನ ಮೇಲೆ ಮಡಚಿಕೊಂಡಿತು. ಅದೊಂದು ಸಮಾಧಾನ, ಮಿನಾರು ಅಷ್ಟರಮಟ್ಟಿಗೆ ಸಣ್ಣದಾಯಿತಲ್ಲ.

ಅಂದಿನಿಂದ ನಮಗೆ ಬೆನ್ನು ನೋಡುವ ಚಟ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಯಾವ ಊರಿಗೆ ಹೋದರೂ ಸಾರ್ವಜನಿಕ ಗ್ರಂಥಾಲಯಕ್ಕೆ ಹೊಕ್ಕು ಪುಸ್ತಕ ಎಳೆಯದೆ ಕಪಾಟಿನ ಮುಂದೆ ನಿಲ್ಲುತ್ತೇವೆ. ಗ್ರಂಥಾಲಯದಲ್ಲಿ ಪುಸ್ತಕಕ್ಕಿರುವ ಮುಖ ಅದೊಂದೇ. ಬಿಡುಗಡೆಯ ದಿನ ಬಣ್ಣದ ಕಾಗದ ಬಿಚ್ಚಿ ಎತ್ತಿ ಹಿಡಿಯುವ ಮುಖಪುಟದ ಆಯುಸ್ಸು ಆ ಒಂದು ಸಂಜೆ, ಹೆಚ್ಚೆಂದರೆ ಅಂಗಡಿಯ ಮೇಜಿನ ಮೇಲೆ ಒಂದು ತಿಂಗಳು. ಆಮೇಲೆ ಉಳಿದ ಕಾಲವೆಲ್ಲ ಪುಸ್ತಕ ನಮಗೆ ಬೆನ್ನು ತೋರಿಸಿಕೊಂಡೇ ನಿಂತಿರುತ್ತದೆ. ಕನ್ನಡದಲ್ಲಿ ಬೆನ್ನುಡಿ ಎಂಬ ಚಂದದ ಮಾತಿದೆ, ಆದರೆ ಅದನ್ನು ಅಚ್ಚು ಹಾಕುವುದು ಹಿಂಪುಟದಲ್ಲಿ. ನಿಜವಾದ ಬೆನ್ನು ಬಹಳಷ್ಟು ಪುಸ್ತಕಗಳಲ್ಲಿ ಮೂಕ. ಹೆಸರಿದ್ದರೂ ಒಂದರದು ಮೇಲಿಂದ ಕೆಳಕ್ಕೆ, ಪಕ್ಕದ್ದು ಕೆಳಗಿಂದ ಮೇಲಕ್ಕೆ. ಓದುವವನು ಕತ್ತನ್ನು ಆ ಕಡೆ ಈ ಕಡೆ ವಾಲಿಸುತ್ತಾ ನಮಾಜಿನ ಕೊನೆಯಲ್ಲಿ ಸಲಾಮು ಹೇಳುವವನಂತೆ ಕಾಣುತ್ತಾನೆ. ಮೇಲಿಂದ ಕೆಳಕ್ಕೆ ಬರೆದರೆ ಪುಸ್ತಕವನ್ನು ಮುಖ ಮೇಲಾಗಿ ಮಲಗಿಸಿದಾಗಲೂ ಹೆಸರು ನೆಟ್ಟಗೆ ಓದಿಸಿಕೊಳ್ಳುತ್ತದೆ. ಪ್ರಕಾಶಕರೆಲ್ಲ ಅದನ್ನೇ ಒಪ್ಪಿಕೊಳ್ಳುವುದು ಒಳ್ಳೆಯದು.

ಇಲ್ಲಿ ಲಿಪಿಯ ತೊಡಕೂ ಇದೆ. ಆರೂವರೆ ಮಿ.ಮೀ. ಬೆನ್ನಿನಲ್ಲಿ ಎರಡು ಬದಿಗೂ ಸ್ವಲ್ಪ ಜಾಗ ಬಿಟ್ಟರೆ ಅಕ್ಷರಕ್ಕೆ ಉಳಿಯುವುದು ನಾಲ್ಕು ಮಿ.ಮೀ. ಇಂಗ್ಲಿಷಿನ ದೊಡ್ಡಕ್ಷರಗಳು ಆ ನಾಲ್ಕನ್ನೂ ತುಂಬಿಕೊಂಡು ನಿಲ್ಲುತ್ತವೆ. 'ಟಿಪ್ಪು' ಎಂದು ಬರೆದು ನೋಡಿ. ಮೇಲೆ ಗುಡಿಸು, ಕೆಳಗೆ ಒತ್ತು, ಇವೆರಡರ ನಡುವೆ ಮೂಲ ಅಕ್ಷರಕ್ಕೆ ಸಿಗುವುದು ಅರ್ಧ ಜಾಗ. ಉರ್ದುವಿನ ನಸ್ತಾಲೀಕ್ ಇನ್ನೂ ಕಷ್ಟ, ಪ್ರತಿ ಪದವೂ ಬಲ ಮೇಲಿನಿಂದ ಎಡ ಕೆಳಕ್ಕೆ ಜಾರುವ ಲಿಪಿ ಅದು. ಹಳೆಯ ಜಿಲ್ದುಗಾರರಿಗೆ ಈ ಪೇಚಾಟವಿರಲಿಲ್ಲ. ಇಸ್ಲಾಮೀ ಪರಂಪರೆಯಲ್ಲಿ ಪುಸ್ತಕಗಳನ್ನು ನಿಲ್ಲಿಸುತ್ತಿರಲಿಲ್ಲ, ಒಂದರ ಮೇಲೊಂದು ಮಲಗಿಸುತ್ತಿದ್ದರು. ಹೆಸರನ್ನು ಹಾಳೆಗಳ ಅಂಚಿನ ಮೇಲೆಯೇ ಬರೆಯುತ್ತಿದ್ದುದುಂಟು. ನಾವು ಅವರ ಕಮಾನು, ಗುಮ್ಮಟಗಳನ್ನು ಮಾತ್ರ ಇಟ್ಟುಕೊಂಡು ಆ ವಿವೇಕವನ್ನು ಬಿಟ್ಟೆವು.

ಕನ್ನಡ ಪುಸ್ತಕ ಪ್ರಾಧಿಕಾರ 'ಪುಸ್ತಕ ಸೊಗಸು' ಬಹುಮಾನ ಕೊಡುತ್ತದೆ, ಒಳ್ಳೆಯ ಕೆಲಸ. ತೀರ್ಪುಗಾರರು ಪುಸ್ತಕಗಳನ್ನು ಮೇಜಿನ ಮೇಲೆ ಹರಡುವ ಮೊದಲು ಒಮ್ಮೆ ಕಪಾಟಿನಲ್ಲಿ ನಿಲ್ಲಿಸಿ ನೋಡಲಿ ಎಂಬುದಷ್ಟೇ ನಮ್ಮ ಕೋರಿಕೆ.

ಒಳ್ಳೆಯ ಮಾದರಿ ನಮ್ಮ ಹತ್ತಿರವೇ ಇದೆ. ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಕುದುರೆ, ಆನೆ, ತುಂಡಾದ ತಲೆಗಳ ಆ ಗದ್ದಲದಲ್ಲಿ ಹೈದರ್ ಮತ್ತು ಟಿಪ್ಪು ಹೂವು ಮೂಸುತ್ತಾ ಬರುತ್ತಾರೆ. ಇನ್ನೊಂದು ಕಡೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಯ್ಲಿ. ಟಿಪ್ಪು ಕುರಿತ ಪುಸ್ತಕಗಳ ಮೇಲೆ ಹೊಗಳುವವರೂ ತೆಗಳುವವರೂ ಒಂದೇ ಸಮನೆ ಕತ್ತಿ ಎತ್ತಿಸುತ್ತಾರೆ. ಹೂವು ಮೂಸುವ ಟಿಪ್ಪುವನ್ನು ಮುಖಪುಟಕ್ಕೆ ತಂದು, ಯುದ್ಧವನ್ನು ಬೆನ್ನು ದಾಟಿಸಿ ಹಿಂಪುಟದವರೆಗೆ ಹರಿಯಬಿಟ್ಟರೆ ಹೇಗಿರಬಹುದು! ಮಡಿಕೆಗೆ ಯಾರ ಮುಖವೂ ಸಿಕ್ಕಿಕೊಳ್ಳಬಾರದು, ಅಂಚಿನ ಸೈನಿಕರನ್ನು ಬ್ಲೀಡು ತಿನ್ನುವುದೆಂದು ಮೊದಲೇ ತಿಳಿದಿರಬೇಕು. ಚಿತ್ರವನ್ನು ಕತ್ತರಿಸುವುದರಲ್ಲೂ ಇತಿಹಾಸದ ಓದು ಇದೆ. ಯಾರು ಬೆನ್ನಿಗೆ ಬೀಳುತ್ತಾರೆ, ಯಾರು ಕತ್ತರಿಗೆ ಸಿಗುತ್ತಾರೆ ಎಂದು ಯಾರೋ ಒಬ್ಬರು ತೀರ್ಮಾನಿಸಲೇಬೇಕು.

2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಎಂದು ಒಂದು ನದಿಯ ಹೆಸರಿಟ್ಟರು. ಇಂಥವರ ಭಾಷೆಯಲ್ಲಿ ಬರೆಯುವ ನಾವು ಮುಖಪುಟದ ವಿಷಯದಲ್ಲಿ ಇನ್ನೂ ಆ ಹುಡುಗನ ಫೋಲ್ಡರಿನಿಂದ ಹೊರಬಂದಿಲ್ಲ.

ನಮ್ಮ ಸಂಕಲನದ ಎರಡನೆಯ ಮುದ್ರಣ ಈಗ ಸಿದ್ಧವಾಗುತ್ತಿದೆ. ಹೊದಿಕೆಗೆ ಆಲೆಮನೆಯ ಕೊಪ್ಪರಿಗೆಯನ್ನು ಮೇಲಿನಿಂದ ನೋಡಿದ ಚಿತ್ರ, ಅದರ ಅಂಚು ಬೆನ್ನನ್ನು ದಾಟಿ ಹಿಂಪುಟದಲ್ಲಿ ಮುಗಿಯುತ್ತದೆ. ಕಾಗದ ಯಾವುದೆಂದು ಈ ಸಲ ಬರೆಸಿಕೊಂಡಿದ್ದೇವೆ. ಪ್ರೂಫ್ ತಂದ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗೈತೆ ಸಾರ್, ಆದ್ರೆ ಇದು ಯಾರ ಕತೆ ಅಂತ ಗೊತ್ತಾಗಲ್ವಲ್ಲ" ಎಂದ. ಹೆಸರು ಬೆನ್ನಿನ ಮೇಲಿದೆ ನೋಡಪ್ಪ ಎಂದೆವು.