‘ಟ್ಯಾಂಕ್’ ಶಬ್ದದ ಅರ್ಥವೂ ಪ್ರಯೋಗವೂ

ಇಂಗ್ಲಿಷಿನ ‘ಟ್ಯಾಂಕ್’ ಶಬ್ದವು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾಗಿ ತೋರುವುದರಿಂದಲೇ ತೊಡಕನ್ನುಂಟುಮಾಡುತ್ತದೆ. ಮಾನವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಂಥ ಊರಿನಿಂದ ಕಾಲೇಜಿಗೆ ಬರುವ ತರುಣನಿಗೆ ಟ್ಯಾಂಕೆಂದರೆ ಕಂಬಗಳ ಮೇಲೆ ನಿಂತ ನೀರಿನ ತೊಟ್ಟಿ, ಇಲ್ಲವೆ ಮೋಟಾರು ಸೈಕಲ್ಲಿನಲ್ಲಿ ಪೆಟ್ರೋಲು ತುಂಬುವ ಭಾಗ. ಹಳೆಯ ಗೆಜೆಟಿಯರುಗಳಲ್ಲಿ ‘ಇರಿಗೇಶನ್ ಟ್ಯಾಂಕ್’ ಎಂದಿರುವುದು ತಾನು ಬಲ್ಲ ಕೆರೆಯೇ ಎಂದು ಅವನು ಊಹಿಸುವುದು ಕಷ್ಟ. ತೊಟ್ಟಿ, ಕೆರೆ, ಕೊಳ ಎಂದು ಒಂದೇ ಸಾಲಿನಲ್ಲಿ ಪರ್ಯಾಯಪದಗಳನ್ನು ಕೊಟ್ಟು ಸುಮ್ಮನಾಗುವ ಅರ್ಥಕೋಶದಿಂದ ಅವನಿಗೆ ಪ್ರಯೋಜನವಿಲ್ಲ.

ವಿಚಿತ್ರವೆಂದರೆ, ಈ ಶಬ್ದಕ್ಕೆ ನಮ್ಮ ದೇಶದ ನಂಟಿದೆ. ಗುಜರಾತಿ ಮರಾಠಿಗಳಲ್ಲಿ ನೀರಿನ ಹೊಂಡ ತೊಟ್ಟಿಗಳಿಗಿದ್ದ ಹೆಸರೂ ಪೋರ್ಚುಗೀಸರ ‘ತಾಂಕೆ’ಯೂ ಕೂಡಿ ಇದು ಬೆಳೆದಂತೆ ಕಾಣುತ್ತದೆ, 1886ರ ‘ಹಾಬ್ಸನ್-ಜಾಬ್ಸನ್’ ಕೋಶವು ಇವೆರಡನ್ನೂ ಚರ್ಚಿಸಿದೆ. 1915ರಲ್ಲಿ ಯುದ್ಧವಾಹನಕ್ಕೆ ಗುಟ್ಟಿನ ಹೆಸರಾಗಿ ಇದು ಸಂದದ್ದು ಬೇರೆ ಕಥೆ.

ಹಾಗಾದರೆ ಕೆರೆಗೆ ‘ಲೇಕ್’ ಎನ್ನಬಹುದೆ? ಬೆಂಗಳೂರಿನಲ್ಲಿ ಇಂದು ಹಾಗೆಯೇ ಬರೆಯುತ್ತಾರೆ. ಬೆಳ್ಳಂದೂರು ಕೆರೆಯು ‘ಬೆಳ್ಳಂದೂರು ಲೇಕ್’ ಆಗಿದೆ. ನಮಗೆ ಇದು ಒಪ್ಪಿಗೆಯಾಗದು. ಕನ್ನಡದಲ್ಲಿ ಬಾವಿಯನ್ನು ತೋಡುತ್ತೇವೆ, ಕೆರೆಯನ್ನು ಕಟ್ಟುತ್ತೇವೆ. ಈ ‘ಕಟ್ಟು’ ಎಂಬ ಕ್ರಿಯಾಪದದಲ್ಲಿಯೇ ಏರಿಯೂ ತೂಬೂ ಕೋಡಿಯೂ ಅಡಗಿವೆ; ಕೆಳಗೆ ಅಚ್ಚುಕಟ್ಟು, ಅದರಾಚೆ ಹೂಳು ತೆಗೆಯಬೇಕಾದವರು ಯಾರೆಂಬ ಹಳೆಯ ವ್ಯಾಜ್ಯ! ಕೆರೆ ಕಟ್ಟಿದವರಿಗೂ ದುರಸ್ತಿ ಮಾಡಿದವರಿಗೂ ಬಿಟ್ಟ ಭೂಮಿಯನ್ನು ಶಾಸನಗಳು ‘ಬಿತ್ತುವಟ್ಟ’ವೆನ್ನುತ್ತವೆ. ‘ಲೇಕ್’ ಎಂದೊಡನೆ ಇದೆಲ್ಲವೂ ಅಳಿದು ಪ್ರಕೃತಿದತ್ತವಾದ ಸರೋವರವೊಂದು ಉಳಿಯುತ್ತದೆ. ಕಟ್ಟಿದವರಿಲ್ಲದ ನೀರಿಗೆ ಕಾಯುವ ಹೊಣೆಯವರೂ ಇಲ್ಲವೆಂಬ ಭಾವನೆ ಮೂಡುವುದು ಸಹಜ.

ರಾಯಚೂರು ಸೀಮೆಯವರಿಗೆ ಸಮೀಪದ ನಿದರ್ಶನವೊಂದಿದೆ. ಹೈದರಾಬಾದಿನಲ್ಲಿ ಹುಸೇನ್ ಸಾಗರದ ಏರಿಯ ಮೇಲಿನ ರಸ್ತೆಗೆ ಇಂದಿಗೂ ‘ಟ್ಯಾಂಕ್ ಬಂಡ್’ ಎಂದೇ ಹೆಸರು. ನೀರನ್ನು ಮಾತ್ರ ‘ಲೇಕ್’ ಎನ್ನುತ್ತಾರೆ. ಏರಿಯಿದೆ, ಕೆರೆಯಿಲ್ಲ! ಫಾರಸಿಯ ‘ಬಂದ್’ನಿಂದ ಬಂದ ‘ಬಂಡ್’ ಶಬ್ದವೇ ಇಲ್ಲಿ ಹಳೆಯ ಅರ್ಥಕ್ಕೆ ಸಾಕ್ಷಿಯಾಗಿ ನಿಂತಿದೆ.

ಆದುದರಿಂದ ಅಧ್ಯಾಪಕರು ಈ ಶಬ್ದವನ್ನು ಒಂಟಿಯಾಗಿ ಕಲಿಸದೆ ಅದರ ಜೊತೆಗಾರರೊಡನೆ ಕಲಿಸಬೇಕು. ‘ಬಂಡ್’, ‘ಬೆಡ್’, ‘ಇರಿಗೇಶನ್’ಗಳು ಪಕ್ಕದಲ್ಲಿದ್ದರೆ ಕೆರೆ, ‘ಪೆಟ್ರೋಲ್’, ‘ಓವರ್‌ಹೆಡ್’ಗಳಿದ್ದರೆ ತೊಟ್ಟಿ. ಪರದೇಶದ ಓದುಗನಿಗೆ ಬರೆಯುವಾಗ ಬರಿಯ ‘ಟ್ಯಾಂಕ್’ ಎಂದರೆ ಆತನು ಲೋಹದ ಪೆಟ್ಟಿಗೆಯನ್ನೇ ಕಲ್ಪಿಸಿಕೊಂಡಾನು. ಅಲ್ಲಿ ಮೊದಲ ಸಲ ‘ಇರಿಗೇಶನ್ ಟ್ಯಾಂಕ್’ ಎಂದು ವಿವರಿಸಿ, ಮುಂದೆ ‘ಕೆರೆ’ ಎಂದೇ ಬರೆಯುವುದು ಲೇಸು. ‘ಮಾನ್ಸೂನ್’ ಶಬ್ದವನ್ನು ಅರಗಿಸಿಕೊಂಡ ಇಂಗ್ಲಿಷಿಗೆ ಇದೇನೂ ಭಾರವಾಗಲಾರದು.