ಕಾಗದದ ಕಂಬಳಿಹುಳು

ಎರಿಕ್ ಕಾರ್ಲ್ ಬರೆದ ಮಕ್ಕಳ ಪುಸ್ತಕಗಳ ಪ್ರಾಣಿಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಹಸಿರು ಎಂದುಕೊಂಡದ್ದು ಒಂದೇ ಹಸಿರಲ್ಲ. ಉಫ್ ಎಂದರೆ ಹಾರಿಹೋಗುವ ತೆಳ್ಳನೆಯ ಟಿಶ್ಯೂ ಕಾಗದಕ್ಕೆ ಅವರು ಅಕ್ರಿಲಿಕ್ ಬಣ್ಣ ಬಳಿಯುತ್ತಿದ್ದರು. ಕುಂಚದಿಂದ, ಬೆರಳಿನಿಂದ, ಸ್ಪಂಜಿನಿಂದ, ಕೆಲವೊಮ್ಮೆ ಕಾರ್ಪೆಟ್ಟಿನ ತುಂಡಿನಿಂದಲೂ. ಒಣಗಿದ ಹಾಳೆಗಳನ್ನು ಬಣ್ಣವಾರು ಡ್ರಾಯರುಗಳಲ್ಲಿ ಜೋಡಿಸಿಟ್ಟು, ಬೇಕಾದಾಗ ತೆಗೆದು, ಚೂಪು ಬ್ಲೇಡಿನಿಂದ ಕತ್ತರಿಸಿ, ಅಂಟು ಸವರಿ ಕೂರಿಸುವುದು. ಕಾಗದದ ಮೇಲೆ ಕಾಗದ ಬಿದ್ದಲ್ಲಿ ಮೂರನೆಯ ಛಾಯೆಯೊಂದು ತಾನಾಗಿಯೇ ಮೂಡುತ್ತದೆ.

ಹುಟ್ಟಿದ್ದು 1929ರಲ್ಲಿ, ಅಮೆರಿಕದ ಸಿರಾಕ್ಯೂಸ್‌ನಲ್ಲಿ. ಆರರ ವಯಸ್ಸಿಗೆ ತಂದೆತಾಯಿಯ ಜೊತೆ ಜರ್ಮನಿಗೆ. ಹಿಟ್ಲರನ ಕಾಲ, ಆಧುನಿಕ ಚಿತ್ರಕಲೆಗೆ ನಿಷೇಧ. ಡ್ರಾಯಿಂಗ್ ಮೇಷ್ಟರೊಬ್ಬರು ಆ ನಿಷಿದ್ಧ ಚಿತ್ರಗಳ ಪ್ರತಿಗಳನ್ನು ಹುಡುಗನಿಗೆ ಗುಟ್ಟಾಗಿ ತೋರಿಸಿದರು. 1952ರಲ್ಲಿ ಅಮೆರಿಕಕ್ಕೆ ಮರಳಿದ ಮೇಲೆ ಜಾಹೀರಾತಿಗಾಗಿ ಮಾಡಿದ ಕೆಂಪು ಲಾಬ್‌ಸ್ಟರ್ ಒಂದನ್ನು ಕಂಡು ಕಾರ್ಲ್ ಅವರನ್ನು ಮಕ್ಕಳ ಪುಸ್ತಕಕ್ಕೆ ಎಳೆದವರು ಲೇಖಕ ಬಿಲ್ ಮಾರ್ಟಿನ್ ಜೂನಿಯರ್.

1969ರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಹೊಳೆದದ್ದು ಪಂಚಿಂಗ್ ಮಷೀನಿನಿಂದ ಕಾಗದಕ್ಕೆ ತೂತು ಹೊಡೆಯುತ್ತಿದ್ದಾಗ. ಕಂಬಳಿಹುಳು ಸೋಮವಾರ ತಿನ್ನುವ ಒಂದು ಸೇಬಿಗೆ ಕಿರಿದಾದ ಪುಟ. ದಿನಕ್ಕೊಂದಿಷ್ಟು ಅಗಲವಾಗುತ್ತಾ ಶುಕ್ರವಾರದ ಹೊತ್ತಿಗೆ ಐದು ಕಿತ್ತಳೆ. ಎಣಿಕೆ, ವಾರ, ಹಸಿವು ಎಲ್ಲವೂ ಪುಟದ ಅಳತೆಯಲ್ಲೇ ಇವೆ. ಹುಳು ಕೊರೆದ ತೂತು ಮಗುವಿನ ಬೆರಳು ತೂರುವಷ್ಟು. ಇಂಥದ್ದನ್ನು ಕೈಗೆಟಕುವ ಖರ್ಚಿನಲ್ಲಿ ಮುದ್ರಿಸುವವರು ಅಮೆರಿಕದಲ್ಲಿ ಸಿಗದೆ ಪುಸ್ತಕ ಜಪಾನಿನಲ್ಲಿ ಅಚ್ಚಾಯಿತು.

ಕತೆಯ ಕೊನೆಗೆ ಹುಳು ಗೂಡು ಕಟ್ಟಿ ಚಿಟ್ಟೆಯಾಗುತ್ತದೆ. ಗೂಡು ನೇಯುವುದು ಪತಂಗ, ಚಿಟ್ಟೆಯಲ್ಲ ಎಂದು ಬಲ್ಲವರು ತಕರಾರು ತೆಗೆದದ್ದುಂಟು. ನಿಜವೇ. ನನಗಂತೂ ಕೊನೆಯ ಪುಟದ ಆ ರೆಕ್ಕೆಗಳನ್ನು ನೋಡುವಾಗ ತಕರಾರು ನೆನಪಾಗುವುದೇ ಇಲ್ಲ.